ಕೆಸರು ಯಾರಿಗೆ ಆಟ?

ಹಾಸ್ಟೆಲಿನ ಗೆಳೆಯರೇ,

ಹೊಸದೊಂದು ವ್ಯಾಪಾರ ಶುರುವಾಗಿದೆ. ಹೊತ್ತು ಇಳಿದ ಮೇಲೆ ಕಾರಲ್ಲಿ ಬಂದು, ಪ್ಯಾಂಟು ಮಡಚಿ ಗದ್ದೆಗಿಳಿಯುವುದು. ನಾಲ್ಕು ಸಾಲು ನೆಟ್ಟಿ, ಹತ್ತು ಫೋಟೋ, ಕೈ ತೊಳೆದು ಪತ್ರೊಡೆ. ಹೆಸರು ‘ಕೃಷಿ ಅನುಭವ’. ಗದ್ದೆಗಿಳಿದವನೇ ದುಡ್ಡು ಕೊಡುತ್ತಾನೆ! ಮಳೆಗಾಲ ಬಂತೆಂದರೆ ಉಡುಪಿ ಜಿಲ್ಲೆಯುದ್ದಕ್ಕೂ ‘ಕೆಸರಲ್ಲೊಂದು ದಿನ’ದ ಬ್ಯಾನರು, ಹಗ್ಗಜಗ್ಗಾಟ, ಮೈಕು.

ಯಡ್ತರೆಯ ಬಯಲಲ್ಲಿ ನೆಟ್ಟಿ ನೆಟ್ಟು ಮುದುಕಿಯರಾದವರನ್ನ ಕೇಳಿ, ಅವರ ಕೃಷಿ ಅನುಭವ ಎಂತದ್ದು ಅಂತ. ಬೆಳಿಗ್ಗೆಯೇ ಅಗೆ ಕಿತ್ತು ಸೂಡಿ ಕಟ್ಟಬೇಕು. ಬೆನ್ನ ಮೇಲೆ ಗೊರಬು, ಕೆಳಗೆ ಮೊಣಕಾಲ ತನಕ ಕೆಸರು. ಕಾಲಬೆರಳ ಸಂದಿ ಕೊಳೆತು ರಾತ್ರಿಯೆಲ್ಲಾ ಉರಿ. ಆ ಹುಣ್ಣಿನ ಫೋಟೋ ಯಾರೂ ಹೊಡೆಯುವುದಿಲ್ಲ ಮಾರಾಯ್ರೆ. (ಈಗ ನಾಟಿ ಯಂತ್ರ ಬಂದಿದೆ. ಯಂತ್ರ ಬಂದು ಕೂಲಿ ಹೋಯಿತು, ಗದ್ದೆಯೇನೂ ಬರಲಿಲ್ಲ.)

ಸಂಜೆಯ ಅನುಭವವೇ ಬೇಕಾ? ಕರಾವಳಿಯಲ್ಲಿ ಅದು ಹಳೆಯದು. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬದಿಯಲ್ಲಿ ಡೋಲು ಬಡಿಯುತ್ತಾ ಇಬ್ಬನಿಯಲ್ಲಿ ಕೂರಬೇಕಿತ್ತು. ಕೋಣ ಇಳಿಯುವ ಮೊದಲು ಅವರನ್ನು ಕೆಸರಲ್ಲಿ ಓಡಿಸುತ್ತಿದ್ದರು. ಕೋಣದ ಕಾಲಿಗೆ ಮುಳ್ಳು ಚುಚ್ಚಬಾರದು ನೋಡಿ! ಅಜಲು ನಿಷೇಧಕ್ಕೆ ಕಾನೂನು ಆಗಲು 2000ನೇ ಇಸವಿ ಬರಬೇಕಾಯಿತು.

ಇನ್ನು ಭೂಮಿ. 1974ರ ತಿದ್ದುಪಡಿಯಲ್ಲಿ ಉಳುವವನೇ ಒಡೆಯ ಅಂದರು. ಗೇಣಿದಾರನಿಗೆ ಗದ್ದೆ ಬಂತು, ಒಳ್ಳೆಯದೇ ಆಯಿತು. ಆದರೆ ನಮ್ಮ ಅಜ್ಜಂದಿರು ಗೇಣಿದಾರರೂ ಅಲ್ಲ, ಬರೀ ಆಳುಗಳು. ಡಿಕ್ಲರೇಶನ್ ಹಾಕಲು ಅವರ ಕೈಯಲ್ಲಿ ಏನಿತ್ತು? ಸಿಕ್ಕರೆ ಗುಡಿಸಲಿನ ಅಡಿಯ ಜಾಗ. ಕೊರಗ ಕುಟುಂಬಕ್ಕೆ 2.5 ಎಕರೆ ಕೊಡಿ ಅಂತ ಮಹಮ್ಮದ್ ಪೀರ್ ವರದಿ ಹೇಳಿತು. ಅದಕ್ಕಾಗಿ ಎಷ್ಟು ಸಲ ಧರಣಿ ಕೂತದ್ದು! ಅತ್ತ 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನೇ ಕಿತ್ತು ಹಾಕಿದರು. ಕೃಷಿಕನಲ್ಲದವನೂ ಈಗ ಗದ್ದೆ ಕೊಳ್ಳಬಹುದು, ಬೇಕಾದರೆ ಅದರಲ್ಲೇ ಅನುಭವ ಮಾರಬಹುದು. ತಲೆತಲಾಂತರ ಆ ಕೆಸರಲ್ಲೇ ಇದ್ದವನಿಗೆ ಕೊಳ್ಳಲು ದುಡ್ಡೆಲ್ಲಿ?

ಪೇಟೆಯವರು ಕೆಸರು ಮುಟ್ಟಬಾರದೆಂದು ನಾನು ಹೇಳುತ್ತಿಲ್ಲ. 2021ರಲ್ಲಿ ಉಡುಪಿಯ ಸುತ್ತ ಹಡಿಲು ಬಿದ್ದ ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆಸಿದರು, ಅಕ್ಕಿಯಾದರೂ ಸಿಕ್ಕಿತು. ನನ್ನ ಜಗಳ ಬೇರೆ. ನಮ್ಮ ದುಡಿಮೆಯನ್ನು ಹೊಲಸು ಅಂದ ಜಾತಿಗಳೇ ಇವತ್ತು ಅದೇ ದುಡಿಮೆಯನ್ನು ‘ಸಂಸ್ಕೃತಿ’ ಅನ್ನುತ್ತಿವೆ. ಸಂಸ್ಕೃತಿ ಅಂದ ಮೇಲೆ ಕೂಲಿ ಕೇಳುವ ಹಾಗಿಲ್ಲ, ಭೂಮಿ ಕೇಳುವ ಹಾಗಂತೂ ಇಲ್ಲವೇ ಇಲ್ಲ.

ನಿಮ್ಮ ಕಾಲೇಜಿನ ಎನ್ನೆಸ್ಸೆಸ್ಸೂ ನಿಮ್ಮನ್ನ ಗದ್ದೆಗೆ ಕರೆದೀತು. ಹೋಗಿ. ಹೋದವರು ಕೇಳಿ: ಗದ್ದೆ ಯಾರದ್ದು? ನೆಟ್ಟಿ ಹೇಳಿಕೊಡುವ ಆ ಮುದುಕಿಗೆ ಇವತ್ತಿನ ಕೂಲಿ ಎಷ್ಟು, ಕೊಟ್ಟಾಯ್ತಾ? ಊಟಕ್ಕೆ ಅವಳ ಎಲೆ ಎಲ್ಲಿ ಹಾಕಿದ್ದೀರಿ? ಸಿಕ್ಕ ಉತ್ತರ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.