ಹಾಜರಾತಿಯ ಸಾಲು ಯಾರ ಅಂಕಪಟ್ಟಿ?

ದಸರಾ ರಜೆ ಮುಗಿದು ಶಾಲೆಗಳ ದ್ವಿತೀಯಾರ್ಧ ಆರಂಭವಾಗಿದೆ. ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಅರ್ಧವಾರ್ಷಿಕ ಪ್ರಗತಿ ಪತ್ರವನ್ನು ಮನೆಗೆ ತರುವ ದಿನಗಳಿವು. ತಂದೆ ಅಂಗಡಿಗೆ ಹೊರಡುವ ಅವಸರದಲ್ಲಿ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಗ್ರೇಡುಗಳ ಮೇಲೆ ಕಣ್ಣಾಡಿಸಿ, ಒಂದು ಮೆಚ್ಚುಗೆಯ ಮಾತನ್ನೋ ಗದರಿಕೆಯ ಮಾತನ್ನೋ ಆಡಿ, ಮಗು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ. ಪತ್ರ ಮತ್ತೆ ಚೀಲ ಸೇರುತ್ತದೆ.

ಅದೇ ಪತ್ರದಲ್ಲಿ ಯಾರೂ ಓದದ ಸಾಲೊಂದಿದೆ. ಶಾಲೆ ನಡೆದ ದಿನಗಳೆಷ್ಟು, ಮಗು ಹಾಜರಿದ್ದ ದಿನಗಳೆಷ್ಟು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಗಣಿತದಲ್ಲಿ ಹಿಂದೆ ಬಿದ್ದ ಮಗುವನ್ನು ನಾವು ಪ್ರಶ್ನಿಸುತ್ತೇವೆ. ಆದರೆ ಶಾಲೆ ತಪ್ಪಿಸಬೇಕೋ ಬೇಡವೋ ಎಂದು ಏಳು ವರ್ಷದ ಮಗು ತಾನಾಗಿ ತೀರ್ಮಾನಿಸುವುದು ಬಹಳ ಅಪರೂಪ. ಮದುವೆಗೆ ಕರೆದೊಯ್ದವರು, ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಸಿಕೊಂಡವರು, ಬೆಳಿಗ್ಗೆ ಎಬ್ಬಿಸದೆ ಬಿಟ್ಟವರು ದೊಡ್ಡವರೇ. ಆದುದರಿಂದ ಗ್ರೇಡುಗಳ ಸಾಲು ಮಗುವಿನದಾದರೆ ಹಾಜರಾತಿಯ ಸಾಲು ತಂದೆತಾಯಿಯರದು. ಶಾಲೆಯು ನಮಗೆ ಕೊಡುವ ಅಂಕ ಅದೊಂದೇ.

ಹಾಜರಿ, ಗೈರುಹಾಜರಿ ಎಂಬ ಪದಗಳೆರಡೂ ಅರಬಿ ಮೂಲದವು. ಪಾರಸಿ, ಉರ್ದುಗಳ ದಾರಿಯಿಂದ ಕನ್ನಡಕ್ಕೆ ಬಂದು ಕನ್ನಡವೇ ಆಗಿಹೋಗಿವೆ. ಪದವನ್ನು ಕೊಟ್ಟ ಪರಂಪರೆಯ ಮನೆಗಳಲ್ಲೇ ಅದರ ಅರ್ಥ ಸಡಿಲವಾಗುತ್ತಿದೆ ಎಂದರೆ ಕೆಲವರಿಗೆ ಕಹಿಯಾದೀತು. ಆದರೂ ಈ ಮಾತನ್ನು ಹೇಳದೆ ನಿರ್ವಾಹವಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ತಿಂಗಳಿಗೆ ಎರಡು ದಿನ ತಪ್ಪಿದರೆ ಯಾರ ಗಮನಕ್ಕೂ ಬರುವುದಿಲ್ಲ. ಹತ್ತು ತಿಂಗಳಿಗೆ ಅದು 20 ದಿನವಾಗುತ್ತದೆ, ಅಂದರೆ ಹತ್ತರಲ್ಲಿ ಒಂದು ಪಾಲು. ಇದೇ ರೂಢಿ ಎಂಟನೇ ತರಗತಿಯವರೆಗೆ ಮುಂದುವರಿದರೆ ಕಳೆದುಹೋದ ದಿನಗಳು 160. ಶಾಲೆ ಬಿಡದೆಯೇ, ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿರುವಾಗಲೇ, ಮಗು ಮುಕ್ಕಾಲು ವರ್ಷದ ಓದನ್ನು ಕಳೆದುಕೊಂಡಿರುತ್ತದೆ. ಹತ್ತರಲ್ಲಿ ಒಂದು ದಿನ ತಪ್ಪಿಸುವ ಮಗುವನ್ನು ಇಂಗ್ಲೆಂಡ್ ಮತ್ತು ಅಮೆರಿಕದ ಶಾಲೆಗಳು ನಿರಂತರ ಗೈರುಹಾಜರಾಗುವವರ ಪಟ್ಟಿಗೆ ಸೇರಿಸುತ್ತವೆ. ನಮ್ಮಲ್ಲಿ ಅಂತಹ ಮಗುವನ್ನು 'ಚೆನ್ನಾಗಿಯೇ ಶಾಲೆಗೆ ಹೋಗುತ್ತಾನೆ' ಎನ್ನುತ್ತೇವೆ.

ಇಲ್ಲೊಂದು ಮೋಸವೂ ಇದೆ. ನೂರು ದಿನ ಶಾಲೆ ನಡೆದು ಮಗು 88 ದಿನ ಬಂದಿದೆಯೆಂದು ಪತ್ರ ಹೇಳಿದರೆ, ಅಂಕ ನೋಡಿ ಪಳಗಿದ ನಮ್ಮ ಕಣ್ಣಿಗೆ 88 ಎಂಬುದು ಉನ್ನತ ಶ್ರೇಣಿಯಂತೆ ಕಾಣುತ್ತದೆ. ಪರೀಕ್ಷೆಯಲ್ಲಿ ಅದು ಹೆಮ್ಮೆಯ ಸಂಖ್ಯೆ, ಹಾಜರಾತಿಯಲ್ಲಿ ಅಪಾಯದ ಸಂಖ್ಯೆ. ಗ್ರೇಡಿನ ಸಾಲಿನಲ್ಲೂ ಇಂತಹುದೇ ಭ್ರಮೆಯುಂಟು. ಸರಕಾರಿ ಶಾಲೆಗಳ ಮೌಲ್ಯಮಾಪನದಲ್ಲಿ ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ ಎಂಬ ಐದು ಹಂತಗಳಿವೆ. 'ಬಿ' ಎಂದರೆ ಎರಡನೆಯ ದರ್ಜೆ, ಪರವಾಗಿಲ್ಲ ಎಂದು ಎಷ್ಟೋ ಪೋಷಕರು ನೆಮ್ಮದಿಪಡುತ್ತಾರೆ. ಅದು ನೂರಕ್ಕೆ 30ರಿಂದ 49ರ ನಡುವಿನ ಮಗು. ಅದರ ಕೆಳಗೆ ಉಳಿದಿರುವುದು 'ಸಿ' ಒಂದೇ. ಬಿ ಗ್ರೇಡಿನ ಪಕ್ಕದಲ್ಲಿ ಹಾಜರಾತಿಯ ಸಂಖ್ಯೆಯನ್ನಿಟ್ಟು ನೋಡಿದರೆ ಒಂದರ ಕಾರಣ ಇನ್ನೊಂದರಲ್ಲಿ ಸಿಗುವುದುಂಟು.

ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನದೇ ವೇಗದಲ್ಲಿ ಏರುತ್ತದೆ. ನಾಲ್ಕು ದಿನ ತಪ್ಪಿಸಿ ಬಂದರೂ ಬಿಟ್ಟ ಮೈಲಿಗಲ್ಲಿನಿಂದಲೇ ಮುಂದುವರಿಯಬಹುದು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯದೆಲ್ಲೆಡೆ ಹಬ್ಬಿದ ಈ ವ್ಯವಸ್ಥೆ ಪುಟ್ಟ ಮಕ್ಕಳ ಪಾಲಿಗೆ ನಿಜಕ್ಕೂ ದಯಾಮಯವಾದುದು. ನಾಲ್ಕನೇ ತರಗತಿಗೆ ಬಂದೊಡನೆ ಆ ದಯೆ ಮುಗಿಯುತ್ತದೆ. ಪಾಠ ಎಲ್ಲರಿಗೂ ಒಟ್ಟಿಗೆ ಸಾಗುತ್ತದೆ. ಭಾಗಾಕಾರ ಹೇಳಿಕೊಟ್ಟ ವಾರ ಇಲ್ಲದ ಮಗು ಭಿನ್ನರಾಶಿಯ ವಾರ ಬಂದು ಸುಮ್ಮನೆ ಕುಳಿತಿರುತ್ತದೆ. ತಪ್ಪಿದ ನಮಾಝನ್ನು ಕಝಾ ಮಾಡಿ ತೀರಿಸಲು ನಮಗೆ ಕಲಿಸಲಾಗಿದೆ. ತಪ್ಪಿದ ಪಾಠದ ಕಝಾವನ್ನು ಯಾವ ಮನೆಯಲ್ಲಿ ಮಾಡಿಸುತ್ತೇವೆ?

ಈ ಎರಡು ತಾಲೂಕುಗಳಲ್ಲಿ ಮಕ್ಕಳು ಶಾಲೆ ತಪ್ಪಿಸುವುದಕ್ಕೆ ಋತುಮಾನವಿದೆ. ಜುಲೈ ತಿಂಗಳ ಮಳೆಗೆ ಜಿಲ್ಲಾಡಳಿತವೇ ರಜೆ ಕೊಡುವುದುಂಟು, ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಕಳವಳದ ಕಾಲ ಆರಂಭವಾಗುವುದು ಅಕ್ಟೋಬರಿನಿಂದ. ಶಿಕಾರಿಪುರದ ಕಡೆ ಮೆಕ್ಕೆಜೋಳದ ಕೊಯ್ಲು, ಎರಡೂ ಕಡೆ ಅಡಿಕೆ, ಸೊರಬದಲ್ಲಿ ಅದರ ಬೆನ್ನಿಗೇ ಭತ್ತ ಮತ್ತು ಶುಂಠಿ. ನಮ್ಮವರಲ್ಲಿ ತೋಟಗಳನ್ನು ಖೇಣಿಗೆ ಹಿಡಿಯುವವರಿದ್ದಾರೆ, ಅಡಿಕೆ ಸಾಗಿಸುವವರಿದ್ದಾರೆ, ಅದಕ್ಕಿಂತ ಹೆಚ್ಚಾಗಿ ಸುಲಿಯುವ ಕೂಲಿಗೆ ಹೋಗುವ ತಾಯಂದಿರಿದ್ದಾರೆ. ಸುಲಿದಷ್ಟಕ್ಕೆ ಕೂಲಿ. ಕೆಲಸ ರಾತ್ರಿಯವರೆಗೂ ನಡೆಯುತ್ತದೆ, ಬೆಳಗಿನ ಜಾವಕ್ಕೂ ಕರೆ ಬರುತ್ತದೆ. ತಾಯಿ ಮೆಟ್ಟುಗತ್ತಿಯ ಮುಂದೆ ಕುಳಿತಾಗ ತೊಟ್ಟಿಲ ಕೂಸನ್ನು ನೋಡಿಕೊಳ್ಳುವವರು ಯಾರು? ಐದನೆಯದೋ ಆರನೆಯದೋ ಓದುವ ಹಿರಿಯ ಮಗಳು. ಅದೇ ಮನೆಯ ಮಗನ ಹಾಜರಾತಿಯನ್ನೂ ಮಗಳ ಹಾಜರಾತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಾವು ವೇದಿಕೆಗಳಲ್ಲಿ ಆಡುವ ಮಾತಿನ ಪರೀಕ್ಷೆ ಆ ಎರಡು ಸಂಖ್ಯೆಗಳ ಅಂತರದಲ್ಲಿದೆ.

ಆ ತಾಯಿಯನ್ನು ದೂಷಿಸಿ ಲೇಖನ ಬರೆಯುವುದು ಸುಲಭ, ನಾವು ಹಾಗೆ ಮಾಡಲಾರೆವು. ನಾಲ್ಕು ತಿಂಗಳ ಆ ಕೂಲಿಯಿಂದಲೇ ಮನೆಯ ವರ್ಷದ ಸಾಲ ತೀರುತ್ತದೆ. ಆದರೆ ಆಕೆಯ ಸುತ್ತ ಒಂದು ಮೊಹಲ್ಲಾ ಇದೆ, ಜಮಾಅತ್ ಇದೆ, ಝಕಾತ್ ಸಂಗ್ರಹವಿದೆ, ಅಂಗನವಾಡಿಯೂ ಇದೆ. ಸುಗ್ಗಿಯ ತಿಂಗಳುಗಳಲ್ಲಿ ನಾಲ್ಕಾರು ಮನೆಗಳ ಕೂಸುಗಳನ್ನು ನೋಡಿಕೊಳ್ಳಲು ಒಬ್ಬ ಹಿರಿಯ ಹೆಣ್ಣುಮಗಳಿಗೆ ಸಂಬಳ ಕೊಟ್ಟರೆ ನಾಲ್ಕಾರು ವಿದ್ಯಾರ್ಥಿನಿಯರು ತರಗತಿಗೆ ಮರಳುತ್ತಾರೆ. ಮಸೀದಿಯ ಮಿನಾರಕ್ಕೆ ಬಣ್ಣ ಬಳಿಯುವ ಖರ್ಚಿಗಿಂತ ಇದು ಕಡಿಮೆಯೆಂದೇ ನಮ್ಮ ಅಂದಾಜು.

ಈ 2025ನೇ ಸಾಲಿನಲ್ಲಿ ಸಮಸ್ಯೆ ಇನ್ನಷ್ಟು ತೀವ್ರವಾಗಿದೆ. ಸೆಪ್ಟೆಂಬರ್ 20ರಂದು ಆರಂಭವಾದ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದುದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅದನ್ನು 18ರವರೆಗೆ ವಿಸ್ತರಿಸಲಾಯಿತು. ಬೆನ್ನಿಗೇ ದೀಪಾವಳಿ ಬಂತು. ಸರಿಸುಮಾರು ಒಂದು ತಿಂಗಳು ಪುಸ್ತಕ ಮುಟ್ಟದ ಮಕ್ಕಳು ಮರಳಿದ್ದು ಕೊಯ್ಲಿನ ನಡುವೆ. ಮರಳದೆ ಉಳಿದವರೂ ಉಂಟು. ಸಮೀಕ್ಷೆ, ಚುನಾವಣೆ, ತರಬೇತಿ ಎಂದು ಶಿಕ್ಷಕರನ್ನು ತರಗತಿಯಿಂದ ಹೊರಗೆ ಕಳುಹಿಸುವ ಸರಕಾರ ಪೋಷಕರಿಗೆ ಹಾಜರಾತಿಯ ಪಾಠ ಹೇಳುವಾಗ ಸ್ವಲ್ಪ ಸಂಕೋಚಪಡಬೇಕು. ಶಾಲಾ ಶಿಕ್ಷಣ ಸಚಿವರು ಸೊರಬದಿಂದಲೇ ಆರಿಸಿ ಬಂದವರಾದುದರಿಂದ ಈ ಮಾತನ್ನು ಅವರಿಗೆ ತಲುಪಿಸುವುದು ಇಲ್ಲಿಯ ಪೋಷಕರಿಗೆ ಕಷ್ಟವಾಗಲಾರದು. ಆದರೆ ಸರಕಾರ ಕಳೆದ ದಿನಗಳ ಮೇಲೆ ನಾವೂ ಕೆಲವನ್ನು ಸೇರಿಸಿ ಕಳೆದರೆ ನಷ್ಟ ಹಂಚಿಹೋಗುವುದಿಲ್ಲ, ಎಲ್ಲವೂ ಮಗುವಿನ ತಲೆಯ ಮೇಲೆಯೇ ಬೀಳುತ್ತದೆ.

ಬಡತನದಿಂದಲ್ಲದ ಗೈರುಹಾಜರಿಯೂ ಇದೆ, ಅದರ ಬಗ್ಗೆ ನಮಗೆ ಅಷ್ಟು ಸಹನೆಯಿಲ್ಲ. ಭಾನುವಾರದ ನಿಕಾಹ್‌ಗೆ ಶುಕ್ರವಾರವೇ ಹೊರಟು ಬುಧವಾರ ಮರಳುವ ಕುಟುಂಬಗಳು, ಉರೂಸಿಗಾಗಿ ನಾಲ್ಕು ದಿನ ಬೀಗ ಹಾಕುವ ಮನೆಗಳು ಕಡಿಮೆಯೇನಲ್ಲ. ಶಾಲೆಯಲ್ಲಿ ಹಾಜರಿ ಹಿಡಿಯುವುದು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಶುಕ್ರವಾರ ಜುಮಾಕ್ಕೆಂದು ಕರೆತಂದ ಮಗುವನ್ನು ಮತ್ತೆ ಶಾಲೆಗೆ ಬಿಡದಿದ್ದರೆ ಪ್ರತಿ ವಾರ ಅರ್ಧ ದಿನ ಹೋಗುತ್ತದೆ. ಜುಮಾ ಕಡ್ಡಾಯವಾಗುವುದು ಪ್ರಾಯಕ್ಕೆ ಬಂದವರಿಗೆ. ಎರಡನೇ ತರಗತಿಯ ಮಗುವನ್ನು ಅಭ್ಯಾಸಕ್ಕಾಗಿ ಕರೆದೊಯ್ಯುವುದು ಒಳ್ಳೆಯದೇ, ನಮಾಝ್ ಮುಗಿದೊಡನೆ ತರಗತಿಗೆ ಮರಳಿ ತಲುಪಿಸುವುದೂ ಅದೇ ತರ್ಬಿಯತ್‌ನ ಭಾಗ.

ಮುಸ್ಲಿಮರ ಮಕ್ಕಳೆಲ್ಲ ಮದ್ರಸಗಳಲ್ಲೇ ಇರುತ್ತಾರೆ, ಆದುದರಿಂದ ಶಾಲೆಯಲ್ಲಿ ಹಿಂದುಳಿಯುತ್ತಾರೆ ಎಂಬ ಮಾತನ್ನು ಹೊರಗಿನವರು ಆಗಾಗ ಆಡುತ್ತಾರೆ. 2006ರ ಸಾಚಾರ್ ಸಮಿತಿಯ ವರದಿ ಇದನ್ನು ಸುಳ್ಳಾಗಿಸಿತು. ಪೂರ್ಣಾವಧಿ ಮದ್ರಸಗಳಿಗೆ ಹೋಗುವವರು ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 3ರಿಂದ 4ರಷ್ಟು ಮಾತ್ರ. ಆದರೆ ಅದೇ ವರದಿಯ ಇನ್ನೊಂದು ಸಂಖ್ಯೆಯನ್ನು ನಾವು ಅಷ್ಟು ಉತ್ಸಾಹದಿಂದ ಉಲ್ಲೇಖಿಸುವುದಿಲ್ಲ: 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮುಖವನ್ನೇ ನೋಡಿರಲಿಲ್ಲ ಅಥವಾ ನಡುವಿನಲ್ಲೇ ಬಿಟ್ಟಿದ್ದರು. ಶಾಲೆ ಬಿಡುವುದು ಸಾಮಾನ್ಯವಾಗಿ ಒಂದೇ ದಿನದ ತೀರ್ಮಾನವಲ್ಲ. ಮೊದಲು ಸೋಮವಾರಗಳು ತಪ್ಪುತ್ತವೆ, ನಂತರ ವಾರಗಳು, ಕೊನೆಗೆ ಮಗುವಿಗೇ ತರಗತಿ ಅಪರಿಚಿತವೆನಿಸುತ್ತದೆ. ಆ ಹಾದಿಯ ಮೊದಲ ಗುರುತು ಮೂಡುವುದು ಅರ್ಧವಾರ್ಷಿಕ ಪತ್ರದ ಈ ಸಾಲಿನಲ್ಲಿ.

ಬದ್ರ್ ಯುದ್ಧದ ಕೈದಿಗಳ ಪ್ರಸಂಗ ನಮ್ಮ ಖುತ್ಬಾಗಳಲ್ಲಿ ಆಗಾಗ ಕೇಳಿಬರುತ್ತದೆ. ಪರಿಹಾರ ಧನ ಕೊಡಲಾಗದ, ಆದರೆ ಅಕ್ಷರ ಬಲ್ಲ ಕೈದಿಗಳು ಮದೀನದ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿ(ಸ) ನಿಗದಿಪಡಿಸಿದರು. ಗುರು ಯಾವ ಧರ್ಮದವನೆಂದು ನೋಡಲಿಲ್ಲ ಎಂಬುದನ್ನು ನಾವು ಸರಿಯಾಗಿಯೇ ಎತ್ತಿ ಹೇಳುತ್ತೇವೆ. ಹೇಳದೆ ಬಿಡುವ ಅಂಶವೊಂದಿದೆ. ಬಿಡುಗಡೆಗೆ ಮಕ್ಕಳು ಕಲಿತಿರಬೇಕಿತ್ತು, ಕಲಿಯಲು ಮಕ್ಕಳು ಬರಬೇಕಿತ್ತು. ಮದೀನದ ಆ ಮನೆಗಳೂ ಬಡತನದವೇ, ಖರ್ಜೂರದ ತೋಟಗಳಲ್ಲಿ ಅಲ್ಲಿಯೂ ಕೆಲಸವಿತ್ತು. ಆದರೂ ಆ ತಂದೆತಾಯಿಯರು ಮಕ್ಕಳನ್ನು ಕಳುಹಿಸಿದರು.

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳಲ್ಲಿ ನಮ್ಮ ಮಕ್ಕಳು ಉರ್ದು ಶಾಲೆಗಳಲ್ಲೂ ಕನ್ನಡ ಶಾಲೆಗಳಲ್ಲೂ ಓದುತ್ತಿದ್ದಾರೆ. ಮನೆಯಲ್ಲಿ ದಖ್ನಿ ಮಾತಾಡುವ ತಾಯಿಗೆ ಕನ್ನಡದ ಪ್ರಗತಿ ಪತ್ರ ಓದಲು ಬಾರದಿರಬಹುದು. ಆ ಸಂಕೋಚದಿಂದಲೇ ಅನೇಕರು 'ಸಮುದಾಯದತ್ತ ಶಾಲೆ'ಯ ದಿನ ಶಾಲೆಗೆ ಹೋಗುವುದಿಲ್ಲ. ಹೋಗಬೇಕು. ಅಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆ ಓದು ಬೇಕಾಗಿಲ್ಲ. ನನ್ನ ಮಗು ಎಷ್ಟು ದಿನ ಬಂದಿಲ್ಲ? ಯಾವ ತಿಂಗಳು ಹೆಚ್ಚು ತಪ್ಪಿದೆ? ಬಾರದ ದಿನಗಳ ಯಾವ ಪಾಠ ಇನ್ನೂ ಬಾಕಿ ಇದೆ? ಈ ಮೂರನ್ನು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಕೊಡುವುದು ಶಿಕ್ಷಕರ ಕರ್ತವ್ಯ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾನೂನು ಹೇಳುತ್ತದೆ. ಕಾಗದದ ಮೇಲೆ ನಮ್ಮ ಹೆಣ್ಣುಮಕ್ಕಳು ಸದಸ್ಯೆಯರಾಗಿ, ಸಭೆಗೆ ಅವರ ಗಂಡಂದಿರು ಹೋಗಿ ಕೂರುವ ಪದ್ಧತಿ ನಿಲ್ಲಬೇಕು. ಅಡಿಕೆಯ ಕಾಲದಲ್ಲಿ ಮಗಳು ಏಕೆ ಮನೆಯಲ್ಲಿ ಉಳಿಯುತ್ತಾಳೆಂಬುದು ಗಂಡಂದಿರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಸೀದಿ ಕಮಿಟಿಗಳ ಮುಂದೆಯೂ ಒಂದು ಕೆಲಸವಿದೆ. ಬೆಳಗಿನ ಮಕ್ತಬ್‌ಗಳಲ್ಲಿ ನಮ್ಮ ಉಸ್ತಾದರು ಹಾಜರಿ ಹಿಡಿಯುತ್ತಾರೆ. ಮಗು ಎರಡು ದಿನ ಬಾರದಿದ್ದರೆ ಮನೆಗೆ ಹೇಳಿಕಳುಹಿಸುತ್ತಾರೆ. ಅದೇ ಮಗು ಶಾಲೆಗೂ ಹೋಗಿಲ್ಲವೇ ಎಂದು ಅದೇ ಹೊತ್ತಿಗೆ ವಿಚಾರಿಸಬಹುದು. ಮುಂದಿನ ರಮಝಾನ್ 2026ರ ಫೆಬ್ರವರಿ ಮೂರನೇ ವಾರದ ಹೊತ್ತಿಗೆ ಆರಂಭವಾಗಲಿದೆ. ತರಾವೀಹ್ ಮುಗಿಸಿ ತಡವಾಗಿ ಮಲಗಿ, ಸಹರಿಗೆ ಎದ್ದು, ಮತ್ತೆ ನಿದ್ದೆ ಹೋದ ಮಗುವನ್ನು ಎಬ್ಬಿಸಲು ತಾಯಿಗೆ ಮನಸ್ಸಾಗುವುದಿಲ್ಲ. ವರ್ಷದ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ ಬರುವುದೂ ಅದೇ ದಿನಗಳ ಆಸುಪಾಸಿನಲ್ಲಿ. ರಮಝಾನಿನ ಮಕ್ತಬ್ ಸಮಯವನ್ನು ಗೊತ್ತುಪಡಿಸುವ ಕಮಿಟಿಯ ಸಭೆಗೆ ಈ ಬಾರಿ ಊರಿನ ಶಾಲೆಯ ಮುಖ್ಯ ಶಿಕ್ಷಕರನ್ನೂ ಕರೆಯಿರಿ. ಜನವರಿಯಲ್ಲೇ ಕರೆಯಿರಿ, ವೇಳಾಪಟ್ಟಿ ಬದಲಿಸಲು ಆಗ ಸಮಯವಿರುತ್ತದೆ.