ನಡುವಯಸ್ಸಿನ ವೈಮಾನಿಕ

ಇಂಡಿಯಿಂದ ನಮ್ಮ ವಾಚಕರಾದ ಗೃಹಸ್ಥರೊಬ್ಬರು ಒಂದು ಕಾಗದವನ್ನು ಬರೆದಿರುವರು. ಅವರ ಹಿರಿಯ ಅಳಿಯಂದಿರು ವಿಮಾನಚಾಲಕರು, ವಯಸ್ಸು 47. ದುಡಿಯುತ್ತಿದ್ದ ಕಂಪನಿಯು ಮುಚ್ಚಿಹೋಯಿತು. ಎಂಟು ಸಾವಿರ ತಾಸು ಹಾರಿದ ಲೆಕ್ಕವು ಪುಸ್ತಕದಲ್ಲಿದ್ದರೂ ಅರ್ಜಿ ಹಾಕಿದಲ್ಲೆಲ್ಲ ವಯಸ್ಸು ಮೀರಿತೆಂಬ ಉತ್ತರವೇ ಬರುತ್ತಿರುವದಂತೆ. ಇದು ಪ್ರಯಾಣಿಕರ ಸುರಕ್ಷಿತತೆಯ ವಿಚಾರವೋ, ಬೇರೆ ಏನಾದರೂ ಒಳಗುಟ್ಟು ಇರುವದೋ ಎಂದು ಅವರ ಪ್ರಶ್ನೆ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯನ್ನು ಇಂಡಿಯವರಿಗೆ ಬಣ್ಣಿಸಿ ಹೇಳುವ ಕಾರಣವಿಲ್ಲ. ಅಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವದು ವ್ಯಾಪಾರದ ಆರಂಭ ಮಾತ್ರ. ಬಲ್ಲ ಒಕ್ಕಲಿಗನು ಅದನ್ನು ನಡೆಸಿ ನೋಡುವನು, ಗೊರಸು ನೋಡುವನು, ನೊಗ ಹೂಡಿ ನೋಡುವನು. ಆಮೇಲೆ ಹಣ ಎಣಿಸುವನು. ವಿಮಾನದ ಕಂಪನಿಗಳು ಹಲ್ಲು ಎಣಿಸಿದೊಡನೆಯೇ ಸಂತೆ ಬಿಟ್ಟು ಹೋಗುವವು. (ಎತ್ತಿಗೆ ಹೋಲಿಸಿದ್ದಕ್ಕಾಗಿ ಅಳಿಯಂದಿರು ನಮ್ಮನ್ನು ಕ್ಷಮಿಸಬೇಕು.)

ನೊಗ ಹೂಡಿ ನೋಡುವ ಏರ್ಪಾಡು ಈ ಕಸಬಿನಲ್ಲಿ ಇರುವಷ್ಟು ಮತ್ತೊಂದರಲ್ಲಿ ಸಿಕ್ಕುವದು ವಿರಳ. ವೈಮಾನಿಕನಿಗೆ ಕಾಲಕಾಲಕ್ಕೆ ದೇಹಪರೀಕ್ಷೆಯಾಗಬೇಕು. ಅರವತ್ತು ದಾಟಿದವನಿಗೆ ಆರಾರು ತಿಂಗಳಿಗೊಮ್ಮೆ. ನಮ್ಮ ಬೆಂಗಳೂರಿನಲ್ಲಿಯೇ ವಾಯುಪಡೆಯ ವೈಮಾನಿಕ ವೈದ್ಯಸಂಸ್ಥೆಯು 1957ರಿಂದ ಇದ್ದು, ಅಲ್ಲಿ ನಾಗರಿಕ ಚಾಲಕರ ಪರೀಕ್ಷೆಯೂ ನಡೆಯುವದು. ಇದಲ್ಲದೆ ವರ್ಷಕ್ಕೆರಡು ಸಲ ಕೌಶಲ್ಯದ ಪರೀಕ್ಷೆ. ಇದು ಬಹುತರವಾಗಿ ಸಿಮ್ಯುಲೇಟರ್ ಎಂಬ, ನೆಲದ ಮೇಲಿದ್ದುಕೊಂಡೇ ಹಾರಾಟದ ಅನುಭವ ಕೊಡುವ ಯಂತ್ರದಲ್ಲಿ ನಡೆಯುವದು. ಇಂಜಿನ್ ಕೆಟ್ಟಂತೆ, ಬೆಂಕಿ ಬಿದ್ದಂತೆ ಮಾಡಿ ಚಾಲಕನನ್ನು ಪರೀಕ್ಷಿಸುವರು. ತಪ್ಪಿದವನು ಹಾರುವಂತಿಲ್ಲ, ಅವನಿಗೆ ಇಪ್ಪತ್ತೈದಿರಲಿ, ಅರವತ್ತಿರಲಿ.

ಇಷ್ಟಿದ್ದರೂ ವಯಸ್ಸಿನ ಗೆರೆ ಯಾಕೆ? 1959ರಲ್ಲಿ ಅಮೆರಿಕೆಯ ಸರಕಾರವು, 60 ತುಂಬಿದವರು ಕಂಪನಿಗಳ ಪ್ರಯಾಣಿಕ ವಿಮಾನಗಳನ್ನು ನಡೆಸಕೂಡದೆಂದು ನಿಯಮ ಮಾಡಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2006ರ ನವೆಂಬರದಲ್ಲಿ ಇಬ್ಬರು ಚಾಲಕರಿರುವ ವಿಮಾನಗಳಿಗೆ ಈ ಗೆರೆಯನ್ನು 65ಕ್ಕೆ ಸರಿಸಿತು. ಅಮೆರಿಕೆಯು 2007ರ ಡಿಸೆಂಬರದಲ್ಲಿ ಅದನ್ನನುಸರಿಸಿತು. ಭಾರತದಲ್ಲಿಯೂ ಈಗ 65ರ ವರೆಗೆ ಹಾರಬಹುದು. ಅಂದ ಮೇಲೆ 47ರ ಮನುಷ್ಯನನ್ನು ಕಾಯಿದೆಯು ತಡೆಯುವದಿಲ್ಲ. ತಡೆಯುವದು ಕಂಪನಿಯ ಲೆಕ್ಕವು.

ಆ ಲೆಕ್ಕವು ಬಹಿರಂಗವಾಗಿ ಹೊರಬಿದ್ದದ್ದು ಅಮೆರಿಕೆಯ ಒಂದು ನ್ಯಾಯಾಲಯದಲ್ಲಿ, 1981ರಲ್ಲಿ. ಆ ದೇಶದಲ್ಲಿ ನಾಲ್ವತ್ತು ದಾಟಿದವರಿಗೆ ವಯಸ್ಸಿನ ಕಾರಣದಿಂದ ನೌಕರಿ ನಿರಾಕರಿಸಬಾರದೆಂದು 1967ರಿಂದಲೇ ಕಾಯಿದೆಯಿದೆ. ಅದನ್ನು ಹಿಡಿದು ಒಬ್ಬ ಚಾಲಕನು ದಾವೆ ಹೂಡಿದನು. ಕಂಪನಿಯು ಹೇಳಿತು: ನಮ್ಮಲ್ಲಿ ಕೆಳಗಿನ ಜಾಗದಿಂದ ಕ್ಯಾಪ್ಟನ್ ಪದವಿಗೆ ಏರಲಿಕ್ಕೆ ಬಹಳ ವರ್ಷಗಳು ಹಿಡಿಯುವವು, ನಾಲ್ವತ್ತರ ಮೇಲೆ ಬಂದವನು ಆ ಪದವಿಗೆ ಏರುವಷ್ಟರಲ್ಲಿ ಅವನ ಅರವತ್ತು ಹತ್ತಿರಾಗುವದು, ನಮ್ಮಲ್ಲಿಯೇ ಪಳಗಿದ ಕ್ಯಾಪ್ಟನ್ನರಿಂದಲೇ ಸುರಕ್ಷಿತತೆ. ನ್ಯಾಯಾಲಯವು ಒಪ್ಪಿತು, ಚಾಲಕನು ಸೋತನು. ಸುರಕ್ಷಿತತೆಯ ಹೆಸರಿನಲ್ಲಿ ಎಣಿಸಿದ್ದು ದುಡಿಮೆಯ ವರ್ಷಗಳನ್ನು ಎಂದೇ ನಮಗೆ ತೋರುವದು. ಅದಿರಲಿ; ಅಂದಿನ ಗೆರೆಯಿಂದ 47ರವನಿಗೆ 13 ವರ್ಷಗಳು ಉಳಿಯುತ್ತಿದ್ದವು, ಇಂದು 18 ಉಳಿಯುವವು. ಗೆರೆ ಸರಿದರೂ ವಾದವು ಸರಿಯಲಿಲ್ಲ.

ಇನ್ನೊಂದು ತೊಡಕು ಜ್ಯೇಷ್ಠತೆಯ ಯಾದಿಯದು. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಷರ್ ಕಂಪನಿಯು 2005ರಲ್ಲಿ ಹಾರಲಾರಂಭಿಸಿ 2012ರ ಅಕ್ಟೋಬರದಲ್ಲಿ ನಿಂತಿತು; ಜೆಟ್ ಏರ್‌ವೇಸ್ 2019ರ ಏಪ್ರಿಲದಲ್ಲಿ ನಿಂತಿತು. ಹೀಗೆ ಕಂಪನಿ ಮುಳುಗಿದಾಗ ಚಾಲಕನ ಜ್ಯೇಷ್ಠತೆಯೂ ಅದರೊಡನೆ ಮುಳುಗುವದು. ಹೊಸ ಮನೆಯಲ್ಲಿ ಅವನು ಯಾದಿಯ ತುದಿಗೆ ನಿಲ್ಲಬೇಕು. ಎಷ್ಟೋ ಸಲ ಸಹಚಾಲಕನಾಗಿ. ಸಹಚಾಲಕರನ್ನು ಕರೆಯುವ ಜಾಹೀರಾತುಗಳಲ್ಲಿ ವಯಸ್ಸಿನ ಮಿತಿ ಕಾಣುವದುಂಟು. ಮೇಲಿನ ಬಾಗಿಲಿಗೆ ಹೊರಗಿನವನು, ಕೆಳಗಿನ ಬಾಗಿಲಿಗೆ ಮುದುಕನು! ನಮ್ಮ ಸಂವಿಧಾನದ 15, 16ನೆಯ ಕಲಮುಗಳು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವನ್ನು ಹೆಸರಿಸಿವೆ, ವಯಸ್ಸನ್ನು ಹೆಸರಿಸಿಲ್ಲ.

ಗರಜು ಬಿದ್ದಾಗ ಮಾತ್ರ ನರೆತ ತಲೆಗೆ ಬೆಲೆ ಬರುವದು. ನಿವೃತ್ತಿಯ ಮೇಲೆ ಕರಾರಿನಿಂದ ದುಡಿಯುತ್ತಿದ್ದ ಸುಮಾರು 200 ಚಾಲಕರನ್ನು ಏರ್ ಇಂಡಿಯಾ 2020ರ ಏಪ್ರಿಲದಲ್ಲಿ, ಮಹಾಮಾರಿಯಿಂದ ವಿಮಾನಗಳು ನಿಂತಾಗ, ನಿಲ್ಲಿಸಿತು. 2022ರಲ್ಲಿ, ಕಂಪನಿಯು ಟಾಟಾರ ಕೈಗೆ ಬಂದ ಮೇಲೆ, ನಿವೃತ್ತರನ್ನು ಅದೇ ಮರಳಿ ಕರೆಯಿತು. ಎರಡು ವರ್ಷಗಳಲ್ಲಿ ಅವರ ವಯಸ್ಸೇನು ಕಡಿಮೆಯಾಗಿದ್ದಿಲ್ಲವಷ್ಟೆ.

ಹಾಗೆಂದು ಅನುಭವವೊಂದೇ ಸಾಕೆಂದು ನಾವು ಹೇಳುವವರಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರು ಸತ್ತ ದುರಂತದಲ್ಲಿ ಕ್ಯಾಪ್ಟನ್ನರು ಹತ್ತು ಸಾವಿರ ತಾಸಿಗೂ ಮಿಕ್ಕಿ ಹಾರಿದವರು. ಅವರು ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದರೆಂದೂ, ಇಳಿಸುವದನ್ನು ಬಿಟ್ಟು ಮೇಲೇರಿರೆಂದು ಸಹಚಾಲಕರು ಹೇಳಿದ್ದನ್ನು ಕೇಳಲಿಲ್ಲವೆಂದೂ ವಿಚಾರಣೆಯಲ್ಲಿ ಹೊರಪಟ್ಟಿತು. ಆ ನಿದ್ದೆಯು ಹುಟ್ಟಿದ ತಾರೀಖಿನಲ್ಲಿ ಕಾಣುವಂಥದಲ್ಲ, ಹಾರಿದ ತಾಸುಗಳ ಲೆಕ್ಕದಲ್ಲಿಯೂ ಅಲ್ಲ.

ಇನ್ನು ಅಳಿಯಂದಿರ ಮಾತು. 90 ದಿವಸಗಳೊಳಗೆ ಮೂರು ಸಲ ವಿಮಾನ ಏರಿಸಿ ಮೂರು ಸಲ ಇಳಿಸಿದ ದಾಖಲೆಯಿಲ್ಲದವನು ಪ್ರಯಾಣಿಕರನ್ನು ಕೂಡ್ರಿಸಿಕೊಂಡು ಹಾರುವಂತಿಲ್ಲ. ದೇಹಪರೀಕ್ಷೆಯ ಕಾಗದಕ್ಕೂ ಅವಧಿಯಿದೆ. ಮನೆಯಲ್ಲಿ ಕುಳಿತಷ್ಟು ದಿನ ಈ ಕಾಗದಗಳು ಹಳತಾಗುವವು, ಆಮೇಲೆ ಕಂಪನಿಗೆ ವಯಸ್ಸಿನ ನೆಪವೂ ಬೇಕಾಗುವದಿಲ್ಲ. ಮಾವನವರಿಗೆ ಸಹಾಯ ಮಾಡುವ ಅನುಕೂಲವಿದ್ದರೆ ಮೊದಲು ಈ ಪರೀಕ್ಷೆಗಳ ಫೀ ಕೊಡುವದು ಲೇಸು. ಅಳಿಯಂದಿರು ಸಹಚಾಲಕರ ಜಾಗವನ್ನಷ್ಟೇ ನೋಡದೆ, ಹೊರಗಿನ ಕ್ಯಾಪ್ಟನ್ನರನ್ನು ನೇರವಾಗಿ ತೆಗೆದುಕೊಳ್ಳುವ ಕಂಪನಿಗಳಿಗೂ, ಹಾರಾಟ ಕಲಿಸುವ ಶಾಲೆಗಳಿಗೂ ಬರೆಯಲಿ; ನಿರಾಕರಣೆಯ ಕಾರಣವನ್ನು ಪ್ರತಿಸಲವೂ ಬರವಣಿಗೆಯಲ್ಲಿಯೇ ಕೇಳಲಿ. ಬಂದ ಉತ್ತರಗಳನ್ನು ಮಾವನವರು ನಮಗೂ ಕಳಿಸಿದರೆ ನೋಡುವೆವು.