ಘಟ್ಟ ಏರುವ ಕಾರಿಗೆ ಇನ್ನಷ್ಟು ಅಶ್ವಶಕ್ತಿ ಬೇಕೆ?

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಾಗ ಮಾರುತಿ ಕಂಪನಿಯು ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆದರೆ ಅದಕ್ಕೂ ಮೊದಲು ಮಾರಾಟವಾದ ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳೂ ಟಾಟಾದ ವಿಸ್ಟಾದಂತಹವೂ ಎರಡನೆಯ, ಮೂರನೆಯ ಯಜಮಾನರ ಕೈಸೇರಿ ಇಂದಿಗೂ ನಮ್ಮ ಘಟ್ಟದ ರಸ್ತೆಗಳಲ್ಲಿ ಓಡುತ್ತಿವೆ. ಇವೆಲ್ಲದರ ಒಳಗಿರುವುದು ಒಂದೇ ಹೃದಯ. ಇಟಲಿಯ ಫಿಯಟ್ ರೂಪಿಸಿದ 1,248 ಸಿಸಿಯ ಡೀಸೆಲ್ ಎಂಜಿನ್. ಮಾನೇಸರದಲ್ಲಿಯೂ ರಂಜನ್‌ಗಾಂವ್‌ನಲ್ಲಿಯೂ ಲಕ್ಷಗಟ್ಟಲೆ ತಯಾರಾದ ಈ ಎಂಜಿನ್ನಿನ ಶಕ್ತಿಯನ್ನು ಪಟ್ಟಣದ ಗ್ಯಾರೇಜುಗಳಲ್ಲಿ ‘ರೀಮ್ಯಾಪ್’ ಮಾಡಿಸಿ ಹೆಚ್ಚಿಸಿಕೊಳ್ಳುವ ಉತ್ಸಾಹ ನಮ್ಮ ಯುವಕರಲ್ಲಿ ಕಂಡುಬರುತ್ತಿದೆ. ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ಸರಿಯಲ್ಲ.

ಏಕೆಂದರೆ ಅವರ ದೂರಿನಲ್ಲಿ ಹುರುಳಿದೆ. ಈ ಎಂಜಿನ್ನಿನ ಪೂರ್ಣ ಎಳೆತ, ಅಂದರೆ 190 ನ್ಯೂಟನ್ ಮೀಟರ್ ಟಾರ್ಕ್, ದೊರೆಯುವುದು ನಿಮಿಷಕ್ಕೆ 2,000 ಸುತ್ತು ತಿರುಗಿದಾಗ. ಅದಕ್ಕಿಂತ ಕೆಳಗೆ ಟರ್ಬೊ ಎಚ್ಚರಗೊಂಡಿರುವುದೇ ಇಲ್ಲ. ಆಗುಂಬೆಯ ತಿರುವಿನಲ್ಲಿ ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತ ಕಾರು ಎರಡನೆಯ ಗೇರಿನಲ್ಲಿ ಮುಗ್ಗರಿಸಿ, ಹಿಂದಿನಿಂದ ಬಸ್ಸಿನವನು ಹಾರನ್ ಒತ್ತುವಾಗ ಚಾಲಕನ ಪಾಡೇನೆಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಹಾಗಾದರೆ ರೀಮ್ಯಾಪ್ ಎಂದರೇನು? ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಒಳಗೆ ಸಿಂಪಡಣೆಯಾಗುವ ಇಂಧನದ ಪ್ರಮಾಣ. ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ, ಟರ್ಬೊ ಎಷ್ಟು ಗಾಳಿ ತುಂಬಬೇಕು ಎಂಬುದೆಲ್ಲ ಕಾರಿನ ಕಂಪ್ಯೂಟರಿನಲ್ಲಿ ಅಂಕಿಗಳ ಕೋಷ್ಟಕಗಳಾಗಿ ಕುಳಿತಿರುತ್ತದೆ. ರೀಮ್ಯಾಪ್ ಮಾಡುವವನು ಆ ಅಂಕಿಗಳನ್ನು ತಿದ್ದುತ್ತಾನೆ. ನಮ್ಮ ಹಿರಿಯ ರೈತರಿಗೆ ಇದು ಹೊಸದೇನಲ್ಲ. ಟ್ರ್ಯಾಕ್ಟರಿನ ಡೀಸೆಲ್ ಪಂಪಿನ ಸೀಲು ಒಡೆದು ಸ್ಕ್ರೂ ಅರ್ಧ ಸುತ್ತು ತಿರುಗಿಸುವ ಮೆಕ್ಯಾನಿಕರನ್ನು ಅವರು ಬಲ್ಲರು. ಮಧ್ಯಪ್ರದೇಶದ ಬುಧನಿಯ ಕೇಂದ್ರದಲ್ಲಿ ಪರೀಕ್ಷೆಗೊಳಗಾಗಿ ಬಂದ ಟ್ರ್ಯಾಕ್ಟರು, ಆ ಅರ್ಧ ಸುತ್ತಿನ ಬಳಿಕ ಗದ್ದೆಯಲ್ಲಿ ಕರಿಹೊಗೆ ಉಗುಳುತ್ತ ಉಳುವುದನ್ನೂ ಅವರು ಕಂಡಿದ್ದಾರೆ. ಸ್ಕ್ರೂವಿನ ಬದಲು ಲ್ಯಾಪ್‌ಟಾಪ್ ಬಂದಿದೆ, ಅಷ್ಟೆ.

ಒಂದು ಕಿಲೋ ಡೀಸೆಲ್ ಪೂರ್ತಿ ಸುಡಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಇಂಧನವೂ ಗಾಳಿಯೂ ಸಮನಾಗಿ ಬೆರೆಯುವುದಿಲ್ಲವಾದ್ದರಿಂದ, ಮಸಿಯಾಗದಿರಬೇಕಾದರೆ ಅದಕ್ಕಿಂತ ಗಣನೀಯವಾಗಿ ಹೆಚ್ಚು ಗಾಳಿ ಬೇಕು. ಇದಕ್ಕಾಗಿಯೇ ಕಂಪ್ಯೂಟರಿನಲ್ಲಿ ಹೊಗೆಯ ಮಿತಿಯೊಂದನ್ನು ಇಟ್ಟಿರುತ್ತಾರೆ. ಟರ್ಬೊ ಇನ್ನೂ ಏಳದಿರುವ ಕೆಳ ಸುತ್ತುಗಳಲ್ಲಿಯೇ ಎಳೆತ ಬೇಕೆಂದು ಹಟ ಹಿಡಿದರೆ ಈ ಮಿತಿಯನ್ನು ಮೀರದೆ ದಾರಿಯಿಲ್ಲ. ಅಂದರೆ ಘಟ್ಟದವನು ಬಯಸುವ ಜಾಗದಲ್ಲಿಯೇ ಹೊಗೆ ಅತಿ ಹೆಚ್ಚು. ಇದರ ಜೊತೆಗೆ, ಸುಟ್ಟ ಗಾಳಿಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳುಹಿಸಿ ಉರಿಯ ತಾಪವನ್ನು ತಗ್ಗಿಸುವ ‘ಇಜಿಆರ್’ ಕವಾಟವನ್ನೂ ಕೆಲವರು ಮುಚ್ಚಿಬಿಡುತ್ತಾರೆ. ಆಗ ಸಾರಜನಕದ ಆಕ್ಸೈಡುಗಳು ಏರುತ್ತವೆ, ಕಣ್ಣಿಗೆ ಕಾಣದೆ.

“ಇದೇ ಎಂಜಿನ್ ಎಸ್‌ಎಕ್ಸ್4 ಕಾರಿನಲ್ಲಿ 90 ಅಶ್ವಶಕ್ತಿ ಕೊಡುತ್ತಿತ್ತು, ನಮ್ಮದರಲ್ಲಿ ಬೇಕೆಂದೇ 75ಕ್ಕೆ ಕಟ್ಟಿಹಾಕಿದ್ದಾರೆ” ಎಂಬ ವಾದವನ್ನು ಕೇಳಿದ್ದೇನೆ. ಅರ್ಧ ಸತ್ಯ. ಆ 90ರ ಎಂಜಿನ್ನಿಗೆ ಕೊಟ್ಟಿದ್ದು ಬೇರೆಯ ಟರ್ಬೊ. ಸುತ್ತಿಗೆ ತಕ್ಕಂತೆ ರೆಕ್ಕೆಗಳ ಕೋನ ಬದಲಿಸಿಕೊಳ್ಳುವಂಥದು. ಕೇವಲ ಅಂಕಿ ತಿದ್ದಿ ಆ ಗಾಳಿಯನ್ನು ತರಲಾಗದು. ಇನ್ನು ಎಂಜಿನಿಯರು ಬಿಟ್ಟಿರುವ ಮೀಸಲು ಶಕ್ತಿಯ ವಿಚಾರ. ಅದನ್ನು ಬಿಟ್ಟಿರುವುದು ಬೇಸಗೆಯ ಸೆಕೆಗೆ, ಧೂಳು ಕಟ್ಟಿದ ಫಿಲ್ಟರಿಗೆ, ಕಳಪೆ ಡೀಸೆಲಿಗೆ, ತುಂಬಿದ ಹೊರೆಯೊಡನೆ ಉದ್ದದ ಏರಿಗೆ, ತೆಳುವಾದ ಗಾಳಿಗೆ. ಬಾಬಾಬುಡನ್‌ಗಿರಿಯಲ್ಲಿ, ಸುಮಾರು 1,800 ಮೀಟರ್ ಎತ್ತರದಲ್ಲಿ, ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಆರನೆಯ ಒಂದು ಭಾಗದಷ್ಟು ಕಡಿಮೆ. ಹೀಗೆ, ಬಯಲುಸೀಮೆಯ ಕಾರಿನಲ್ಲಿ ಬಳಕೆಯಾಗದೆ ಉಳಿಯುವ ಮೀಸಲನ್ನು ಮಲೆನಾಡಿನ ಕಾರು ದಿನವೂ ಖರ್ಚು ಮಾಡುತ್ತಿರುತ್ತದೆ. ಇರುವ ಬಿತ್ತನೆ ಬೀಜವನ್ನೇ ಅನ್ನಕ್ಕಿಟ್ಟಂತಾಗುತ್ತದೆ ಅದನ್ನೂ ಕಿತ್ತುಕೊಂಡರೆ. ಮೊದಲು ಸೋಲುವುದು ಕ್ಲಚ್ಚು, ಬಳಿಕ ಟರ್ಬೊ. ಲಕ್ಷ ಕಿಲೋಮೀಟರ್ ದಾಟಿದ ಗಾಡಿಗಳಲ್ಲಿ ಇನ್ನೂ ಬೇಗ.

ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿಯೇ ಘೋಷಿಸಿದೆ. ಕೃಷಿ ವಿಜ್ಞಾನದವನಾಗಿ ನಾನು ಇನ್ನೊಂದನ್ನು ಸೇರಿಸಬೇಕು. ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಜೋನ್ ಆಗುತ್ತವೆ. ಅದು ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ಬೆಳೆಯ ಇಳುವರಿಯನ್ನು ತಗ್ಗಿಸುತ್ತದೆ. ಘಟ್ಟದಲ್ಲಿ ಓಡುವ ಲಾರಿಗಳ ಮುಂದೆ ಒಂದು ಸಣ್ಣ ಕಾರಿನ ಪಾಲು ಎಷ್ಟೆಂದು ಕೇಳಬಹುದು. ಕಡಿಮೆಯೇ, ಒಪ್ಪುತ್ತೇನೆ. ಆದರೆ ತಿರುವಿನ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತವರ ಮೂಗಿಗೆ ಆ ಲೆಕ್ಕ ತಿಳಿಯದು.

ಹೊಗೆ ತಪಾಸಣೆಯ ಚೀಟಿ ಇದನ್ನು ಹಿಡಿಯುತ್ತದೆಯೇ? ನಿಂತ ಗಾಡಿಯಲ್ಲಿ, ಗೇರು ಹಾಕದೆ, ಆಕ್ಸಿಲರೇಟರ್ ಒತ್ತಿ ಹೊಗೆಯ ಸಾಂದ್ರತೆಯನ್ನು ಮಾತ್ರ ಅಳೆಯುವ ಪರೀಕ್ಷೆ ಅದು. ಹೊರೆ ಹೊತ್ತು ಏರುವಾಗಿನ ಹೊಗೆ ಅಲ್ಲಿ ಕಾಣುವುದಿಲ್ಲ. ಸಾರಜನಕದ ಆಕ್ಸೈಡುಗಳನ್ನಂತೂ ಅಳೆಯುವುದೇ ಇಲ್ಲ. ಪರೀಕ್ಷೆಗೊಂದು ಮುಖ, ರಸ್ತೆಗೊಂದು ಮುಖ ತೋರುವ ತಂತ್ರಾಂಶವನ್ನು ಬರೆದು ಫೋಕ್ಸ್‌ವ್ಯಾಗನ್ ಕಂಪನಿ 2015ರಲ್ಲಿ ಸಿಕ್ಕಿಬಿದ್ದಾಗ ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಕಾರುಗಳ ಮಾತು ಬಂದಿತ್ತು. ನಾವು ಆಗ ಕೋಪಗೊಂಡೆವು. ಅದೇ ಕೆಲಸವನ್ನು ನಮ್ಮ ಖರ್ಚಿನಲ್ಲಿ ನಮ್ಮ ಕಾರಿಗೇ ಮಾಡಿಸಿಕೊಳ್ಳುವುದು ವಿಚಿತ್ರ. ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಇಷ್ಟು ಸಾಕು.

ಗ್ಯಾರೇಜಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಕಾರಿನ ಸ್ವಂತ ಶಕ್ತಿ ಎಲ್ಲಿ ಸೋರುತ್ತಿದೆ ಎಂದು ನೋಡಿಸಿ. ಧೂಳು ತುಂಬಿದ ಏರ್ ಫಿಲ್ಟರು, ಮಸಿ ಕಟ್ಟಿ ಅರ್ಧ ತೆರೆದೇ ನಿಂತ ಇಜಿಆರ್ ಕವಾಟ, ಟರ್ಬೊದಿಂದ ಹೊರಟ ರಬ್ಬರ್ ಪೈಪಿನ ಸಣ್ಣ ಬಿರುಕು, ಕೊಳೆಯಾದ ಗಾಳಿಯಳತೆಯ ಸೆನ್ಸರ್, ಸವೆದ ಕ್ಲಚ್ಚು ಇವುಗಳಲ್ಲಿ ಒಂದಿದ್ದರೂ ಕಾರು ಏರು ಹತ್ತಲು ಒದ್ದಾಡುತ್ತದೆ. ಕವಾಟವನ್ನು ಮುಚ್ಚಿಸಬೇಡಿ, ತೊಳೆಸಿ. ಮುಂದಿನ ತಿರುವಿಗೆ ಮೊದಲೇ ಗೇರು ಇಳಿಸಿ, ಮುಳ್ಳನ್ನು 2,000ದ ಮೇಲೆಯೇ ಇಟ್ಟುಕೊಳ್ಳಿ. ಮೊದಲನೆಯ ಗೇರು ಹಾಕುವುದರಲ್ಲಿ ಅವಮಾನವೇನಿಲ್ಲ. ಈಗಾಗಲೇ ರೀಮ್ಯಾಪ್ ಮಾಡಿಸಿದವರು, ತಿದ್ದುವ ಮೊದಲು ತೆಗೆದಿಟ್ಟ ಮೂಲ ಕಡತವನ್ನು ಗ್ಯಾರೇಜಿನವರಿಂದ ಕೇಳಿ ಪಡೆದು ಅದನ್ನೇ ಮರಳಿ ತುಂಬಿಸಿಕೊಳ್ಳಬಹುದು.